ಒಂದು ಸಬಕಾರ ಹೆಚ್ಚು

ತೊಂಬತ್ತೆರಡನೇ ಇಸವಿ. ಅಪ್ಪ ವರ್ಕ್‌ಶಾಪಿನಿಂದ ಬಂದವನೇ
ಗ್ರೀಸಿನ ಕೈಯಲ್ಲೇ ಖಾಲಿ ಗೋಣಿಚೀಲ ಝಾಡಿಸಿದ.
'ಮನಿಗೊಂದು ಸಬಕಾರ,' ಅಂದ. 'ಕ್ಯೂಬಾಕ್ಕ.'

ಅವ್ವ ಬಚ್ಚಲ ಕಡೆ ನೋಡಿದಳು. ಅಲ್ಲಿ
ದಾರ ಹಾಕಿ ಕೊಯ್ದ ಬಾರ್ ಸಬಕಾರದ ತುಂಡು
ಸವೆದು ಹುಣಸೆಬೀಜದಷ್ಟಾಗಿತ್ತು.
'ಅವರ ಊರಾಗ ಅಂಗಡಿ ಇಲ್ಲೇನು?'
'ಅಂಗಡಿ ಐತಿ. ಅಂಗಡ್ಯಾಗ ಏನಿಲ್ಲ.
ಅಮೇರಿಕಾದವರು ದಿಗ್ಬಂಧನ ಹಾಕ್ಯಾರ.'

ಆ ಶಬ್ದಕ್ಕೆ ಆಯಿ ಎದ್ದು ಕೂತಳು.
ಅವಳಿಗೆ ಗೊತ್ತಿದ್ದ ದಿಗ್ಬಂಧನ ಬೇರೆ:
ನೂಲ್ವಿಯಿಂದ ಬಂದ ಮಂತ್ರದವ
ಹಿತ್ತಲ ನಾಲ್ಕು ಮೂಲೆಗೆ ನಾಲ್ಕು ಮೊಳೆ ಬಡಿದು
ಲಿಂಬೆಹಣ್ಣಿಗೆ ಕುಂಕುಮ ತುಂಬಿ
ಒಳಗಿನದು ಹೊರಗೆ ಬರದ ಹಾಗೆ, ಹೊರಗಿನದು ಒಳಗೆ ಹೋಗದ ಹಾಗೆ
ಕಟ್ಟಿ ಹೋಗಿದ್ದ. ಐದು ರೂಪಾಯಿ, ಒಂದು ಸೇರು ಅಕ್ಕಿ.
'ಯಾವ ದೆವ್ವಕ್ಕ ಕಟ್ಯಾರ?'
'ದೆವ್ವ ಅಲ್ಲಬೇ ಯವ್ವಾ. ಕೆಂಪು ಬಾವುಟಕ್ಕ.'
'ಎಷ್ಟು ವರ್ಷಾತು?'
'ಮೂವತ್ತು.'
'ಮೊಳಿ ತುಕ್ಕು ಹಿಡದಿರತಾವ,' ಅಂದಳು ಆಯಿ.
'ಬಡದಾವಗ, ಎಲ್ಲಿ ಬಡದಿದ್ದೆ ಅನ್ನೂದೂ ಮರತಿರತೈತಿ.'

ಅಪ್ಪ ನಕ್ಕ. ಚೀಲದ ಒಂದು ಕಿವಿ ನನ್ನ ಕೈಗೆ ಕೊಟ್ಟ.
ಹಳೇ ಹುಬ್ಬಳ್ಳಿಯ ನಮ್ಮ ಓಣಿ. ಮಾಬೂಬಿ ಕಾಲಾ
ಒಂದು ಕೆಂಪು ಲೈಫ್‌ಬಾಯ್ ತಂದಳು, ಬಿಸ್ಮಿಲ್ಲಾ ಅಂದು ಹಾಕಿದಳು.
ಪತ್ತಾರ ಮೌನೇಶಪ್ಪ ಕೇಳಿದ, 'ಎಣ್ಣಿ ಜಿಡ್ಡಿಂದೋ, ಮೈಗಿಂದೋ?'
ಇನ್ನೊಬ್ಬಳು ಕಾಗದದ ಪೊಟ್ಟಣದಲ್ಲಿ ಸೀಗೆಪುಡಿ ಕೊಟ್ಟಳು,
'ಅವರಿಗೂ ಕೂದಲಾ ಇರತಾವಲ್ಲ.'
ಗಿರಣಿ ಮನೆಯವನು ಬಾಗಿಲಲ್ಲೇ ನಿಂತು
'ಯಮನಪ್ಪಣ್ಣ, ನಮ್ಮ ನಳಕ್ಕ ಎಂಟು ದಿನಕ್ಕೊಮ್ಮೆ ನೀರು.
ನಮಗ ಯಾರು ದಿಗ್ಬಂಧನ ಹಾಕ್ಯಾರ?' ಅಂದ.
ಅಂದರೂ ಅರ್ಧ ಬಾರು ಕೊಟ್ಟ.

ಒಂದು ಬಾಗಿಲು ಮಾತ್ರ ಅಪ್ಪ ಬಡಿಯಲಿಲ್ಲ.
ಅದು ನಮ್ಮ ಮನೆಯದೇ ಇನ್ನರ್ಧ.
ಎಪ್ಪತ್ನಾಲ್ಕರ ರೈಲ್ವೆ ಮುಷ್ಕರದಲ್ಲಿ ಅಪ್ಪ ಜೈಲಿನೊಳಗಿದ್ದಾಗ
ಕಾಕಾ ಊಟದ ಡಬ್ಬಿ ಹಿಡಿದು ಗೇಟು ದಾಟಿದ್ದ.
ಹೊರಗೆ ಬಂದವನು ಪಡಸಾಲೆಯ ನಡುವೆ ಗೋಡೆ ಎಬ್ಬಿಸಿದ,
ಒಂದೇ ಇಟ್ಟಂಗಿ ದಪ್ಪ. ಆಕಡೆಯ ಕೆಮ್ಮು ಈಕಡೆ ಕೇಳುತ್ತಿತ್ತು.
ಹೆಪ್ಪಿಗೆ ಮಜ್ಜಿಗೆ ಕೊಡಬಾರದು. ಕಡ್ಡಿಪೆಟ್ಟಿಗೆ ಕೊಡಬಾರದು.
ಕೂಸು ಹುಟ್ಟಿದರೆ ಕುಂಚಿಗೆ ಒಯ್ಯಬಾರದು.
ಹದಿನೆಂಟು ವರ್ಷ.
ಆಯಿ ಮಾತ್ರ ಸಂಜೆಯಾದರೆ
ಸೆರಗಿನಡಿ ನಾಲ್ಕು ರೊಟ್ಟಿ, ಅಗಸಿ ಹಿಂಡಿ ಇಟ್ಟುಕೊಂಡು
'ಹೊರಕಡಿಗೆ ಹೋಗಿ ಬರತೀನಿ' ಅನ್ನುತ್ತಿದ್ದಳು.
ಯಾವ ದಿಗ್ಬಂಧನಕ್ಕೂ
ಒಬ್ಬಳು ಮುದುಕಿ ಇರುತ್ತಾಳೆ.

ರಾತ್ರಿ ಕರೆಂಟು ಹೋಗಿತ್ತು. ಕಂದೀಲಿನ ಮುಂದೆ ಎಣಿಸಿದೆವು.
ಹೆಸರು ನೂರ ಹದಿನೇಳು.
ಸಬಕಾರ ನೂರ ಹದಿನೆಂಟು.
ಅಪ್ಪ ಮತ್ತೆ ಎಣಿಸಿದ, ಚಕ್ರದ ಬೋಲ್ಟು ಎಣಿಸುವ ಹಾಗೆ, ಬೆರಳಿಟ್ಟು.
ಹೆಚ್ಚಿನದು ಗಂಧದ ಸಬಕಾರ, ಪೆಟ್ಟಿಗೆ ಒಡೆದಿರಲಿಲ್ಲ,
ಅಂಚು ಮಾತ್ರ ಹಳದಿಯಾಗಿತ್ತು.
ನಮ್ಮ ಓಣಿಯಲ್ಲಿ ಗಂಧ ಹಚ್ಚಿ ಜಳಕ ಮಾಡುವವರು ಯಾರು?
ಆದರೆ ಆ ವಾಸನೆ ನಮಗೆಲ್ಲ ಗೊತ್ತಿತ್ತು,
ಹಬ್ಬದ ದಿನ ಶೇಕವ್ವ ಕಾಕು ಟ್ರಂಕು ತೆಗೆದಾಗ
ಗೋಡೆ ದಾಟಿ ಬರುವಂಥದ್ದು.

ಅವ್ವ ಒಲೆ ಊದುತ್ತಿದ್ದಳು, ಬೇಕಾದ್ದಕ್ಕಿಂತ ಜೋರಾಗಿ.
ಆಯಿ ನಿದ್ದೆ ಬಂದವಳಂತೆ ಮಲಗಿದ್ದಳು.
ತಿರುಗಿ ಕೊಡಬೇಕೆಂದರೆ ಆ ಬಾಗಿಲು ಬಡಿಯಬೇಕು.
ಅಪ್ಪ ಬಹಳ ಹೊತ್ತು ಅದನ್ನು ಹಿಡಿದುಕೊಂಡೇ ಇದ್ದ.
ಆಮೇಲೆ ಪಟ್ಟಿಯ ಕೊನೆಗೆ ಬರೆದ: ಒಂದು. ಹೆಸರಿಲ್ಲ.
ದಬ್ಬಣ ತಗೊಂಡು ಚೀಲದ ಬಾಯಿ ಹೊಲಿದ.

ಅದು ಯಾವ ಹಡಗು ಹತ್ತಿತೋ, ಯಾರ ಕೈಗೆ ಸಿಕ್ಕಿತೋ.
ಅಲ್ಲಿಯೂ ಒಬ್ಬಾಕೆ ಅದನ್ನು ಬಳಸದೆ
ಸೀರೆಯಂಥದೇನೋ ಒಂದರ ಮಡಿಕೆಯಲ್ಲಿ ಇಟ್ಟಿರಬಹುದು.

ಈಗಲೂ ಪೇಪರಿನಲ್ಲಿ ಓದುತ್ತೇನೆ: ದಿಗ್ಬಂಧನ ಬೇಡವೆಂದು
ಬಹಳ ದೇಶಗಳು ವರ್ಷಾ ವರ್ಷ ಕೈ ಎತ್ತುತ್ತವೆ.
ಕೈ ಎತ್ತುವುದೆಂದರೆ ನಮ್ಮ ಕಡೆ ಅರ್ಥ ಬೇರೆ.

ಅಪ್ಪ ಇಲ್ಲ, ಕಾಕಾ ಇಲ್ಲ. ಗೋಡೆ ಇದೆ.
ಎರಡೂ ಕಡೆ ಕ್ಯಾಲೆಂಡರು ತೂಗುಹಾಕಿದ್ದೇವೆ.
ಕಾಕು ಆಕಡೆ ಮೊಳೆ ಬಡಿದರೆ
ಈಕಡೆ ಸುಣ್ಣ ಉದುರುತ್ತದೆ.